ನಾಲ್ಕರ ಬಾಲ ಹನ್ನೊಂದಕ್ಕೆ

ಅಕ್ಕನಿಗೆ ಆವತ್ತು ಸಿಟ್ಟು ಬಂದದ್ದು ಬೇರೆ ಯಾರ ಮೇಲೂ ಅಲ್ಲ, ತನ್ನ ಮೇಲೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕ್ರೋಮೋಸೋಮ್ ಪರೀಕ್ಷೆ ಮಾಡುವವಳು ಅವಳೇ. ಈ ಪರೀಕ್ಷೆಗೆ ರಕ್ತ ಹಸಿರು ಮುಚ್ಚಳದ ಟ್ಯೂಬಿನಲ್ಲಿ ಬರಬೇಕು, ನೇರಳೆ ಮುಚ್ಚಳದ್ದರಲ್ಲಿ ಬಂದರೆ ಜೀವಕೋಶ ಬೆಳೆಯುವುದಿಲ್ಲ ಅಂತ ವಾರ್ಡಿನವರಿಗೆ ಫೋನ್ ಮಾಡಿ ಗಂಟಲು ಹರಿದುಕೊಳ್ಳದ ವಾರವೇ ಇರಲಿಲ್ಲ. ಅಂಥ ಮಹಾತಾಯಿ, ತಂಗಿಯ ಗಂಡನ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತುಂಬಿಕೊಂಡು ಬಂದಿದ್ದಳು.

ಆ ರಕ್ತವಾದರೂ ಸುಮ್ಮನೆ ಸಿಕ್ಕಿದ್ದೇ? ತಂಗಿಗೆ ಮೂರು ಸಲ ಬಸುರು ನಿಂತು ಮೂರು ಸಲವೂ ಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದಾಗ ತಂಗಿ ಮಾರನೇ ದಿನವೇ ಬಂದು ಕೈ ಚಾಚಿದಳು. ಅವಳ ಕ್ರೋಮೋಸೋಮ್ ನಲವತ್ತಾರಕ್ಕೆ ನಲವತ್ತಾರೂ ಸರಿಯಾಗಿತ್ತು. ಅವಳ ಗಂಡ ಮಾತ್ರ ಇವತ್ತು ನಾಳೆ ಅನ್ನುತ್ತ ವರ್ಷ ಕಳೆದ. ಅವನ ತಾಯಿಯಂತೂ "ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ, ಇವಳಿಗೆ ಹೊಟ್ಟೇಲಿ ಇಟ್ಕೊಳ್ಳೋ ಯೋಗ ಇಲ್ಲ" ಅಂತ ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಿದ್ದರು. ಕೇಳೀ ಕೇಳೀ ತಂಗಿಯೂ ಅದನ್ನೇ ನಂಬತೊಡಗಿದ್ದಳು. ಅಕ್ಕನಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಒಂದು ಸಂಜೆ ಊಟಕ್ಕೆ ಹೋದಾಗ, ಯಾವ ದೇವರು ಬುದ್ಧಿ ಕೊಟ್ಟನೋ, "ತಗೊಳ್ಳಿ ಅತ್ತಿಗೆ, ನಿಮ್ಮ ಕಾಟ ತಪ್ಪಲಿ" ಅಂತ ಅವನೇ ತೋಳು ಮುಂದೆ ಹಿಡಿದ. ಮನಸ್ಸು ಬದಲಾಯಿಸಿಬಿಟ್ಟಾನು ಅಂತ ಅಕ್ಕ ಬ್ಯಾಗಿಗೆ ಕೈ ಹಾಕಿ ಸಿಕ್ಕಿದ ಟ್ಯೂಬು ತೆಗೆದಳು. ಮುಚ್ಚಳದ ಬಣ್ಣ ನೋಡುವ ವ್ಯವಧಾನ ಯಾರಿಗಿತ್ತು? ನೋಡಿದ್ದು ಲ್ಯಾಬಿಗೆ ಬಂದ ಮೇಲೆ. ಆದರೂ ಆಸೆ ಬಿಡದೆ ಬೆಳೆಯಲು ಇಟ್ಟಳು. ಕೆಲವು ದಿನ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಒಂದೇ ಒಂದು ಕ್ರೋಮೋಸೋಮ್ ಇಲ್ಲ, ಬರೀ ಕಸ. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಮತ್ತೆ ಕೇಳದೆ ವಿಧಿಯಿರಲಿಲ್ಲ. ಅವನು ಪುಸ್ತಕ ಬೈಂಡ್ ಮಾಡುವವನು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಅಚ್ಚಾದ ಹಾಳೆ ಮಡಿಸಿ ಪುಟ ಮಾಡಿದ ಫಾರಂಗಳು, ರಟ್ಟು, ಅಂಟಿನ ಡಬ್ಬಿ. ವಿಷಯ ಕೇಳಿದವನೇ ಮುಖ ಗಂಟು ಹಾಕಿದ.

"ಕೊಟ್ಟಾಯ್ತು. ಕೆಡಿಸಿದ್ದು ನೀವು. ಇನ್ನೊಂದು ಸಲ ಕೇಳಬೇಡಿ."

"ನನ್ನದೇ ತಪ್ಪು. ಒಪ್ಕೊಂಡೆನಲ್ಲ."

"ಅಷ್ಟಕ್ಕೂ ನನ್ನಲ್ಲಿ ಏನು ಕಮ್ಮಿ ಅತ್ತಿಗೆ? ಒಂದು ದಿನ ನೆಗಡಿ ಅಂತ ಮಲಗಿದವನಲ್ಲ ನಾನು."

ಅಕ್ಕ ಮೊದಲಿಂದ ಶುರುಮಾಡಿದಳು. ಡಿಎನ್‌ಎ ಅಂದರೆ ಎಳೆ, ಅದರಲ್ಲಿರೋದು ನಾಲ್ಕೇ ಅಕ್ಷರ, ಮೂರು ಮೂರು ಅಕ್ಷರಕ್ಕೆ ಒಂದು ಪದ, ಪದ ಸೇರಿ ವಾಕ್ಯವಾದರೆ ಅದು ಜೀನ್. ಅವನು ಬಾಯಿಬಿಟ್ಟು ಆಕಳಿಸಿದ. ಹೇಳಿ ಹೇಳಿ ಅವಳಿಗೇ ಸುಸ್ತಾಯಿತು. ಎದ್ದು ಹೋಗೋಣ ಅಂದುಕೊಂಡಾಗ ಅವನ ತೊಡೆಯ ಮೇಲಿದ್ದ ದಪ್ಪ ಪುಸ್ತಕ ಕಣ್ಣಿಗೆ ಬಿತ್ತು. ಅವನು ಅದರ ಹೊಲಿಗೆ ಬಿಚ್ಚುತ್ತಿದ್ದ.

"ಇದ್ಯಾಕೆ ಬಿಚ್ತಿದೀರಿ?"

"ಪ್ರೆಸ್ಸಿನವರ ಘನಕಾರ್ಯ. ನಿಘಂಟು ಇದು, ಇಪ್ಪತ್ಮೂರು ಸಂಪುಟ. ನಾಲ್ಕನೇದರ ಕೊನೇ ಫಾರಂ ಹನ್ನೊಂದನೇದರ ಕಟ್ಟಿನಲ್ಲಿ, ಹನ್ನೊಂದನೇದರದ್ದು ನಾಲ್ಕನೇದರಲ್ಲಿ ಇಟ್ಟು ಕಳಿಸಿದ್ದಾರೆ."

ಅಕ್ಕ ಮತ್ತೆ ಕೂತಳು.

"ಇಪ್ಪತ್ಮೂರೂ ಸಂಪುಟ ಮನೇಲಿಟ್ಕೊಂಡವನಿಗೆ ಒಂದು ಪುಟವಾದ್ರೂ ಕಮ್ಮಿ ಬೀಳುತ್ತಾ?"

"ಕಮ್ಮಿ ಯಾಕೆ ಬೀಳುತ್ತೆ? ಹುಡುಕಬೇಕು ಅಷ್ಟೆ. ಎಲ್ಲಾ ಅಲ್ಲೇ ಇರುತ್ತಲ್ಲ."

"ನೀವೂ ಹಾಗೇ ಇರಬಹುದು. ನಮ್ಮಲ್ಲಿ ಇಂಥ ಸೆಟ್ಟು ಎರಡೆರಡು, ಅಪ್ಪನದ್ದೊಂದು, ಅಮ್ಮನದ್ದೊಂದು. ಕ್ರೋಮೋಸೋಮ್ ಅಂದ್ರೆ ಆ ಸಂಪುಟ. ನಿಮ್ಮಲ್ಲಿ ಎಲ್ಲಾ ಇದೆ, ಅದಕ್ಕೇ ಕಲ್ಲುಗುಂಡಿನ ಹಾಗಿದೀರಿ. ಆದ್ರೆ ಮಗುವಿಗೆ ಕೊಡುವಾಗ ಪ್ರತಿ ಜೋಡಿಯಲ್ಲಿ ಒಂದೊಂದೇ ಕೊಡೋದು. ಈ ಕೆಟ್ಟ ನಾಲ್ಕನ್ನ ಕೊಟ್ಟು, ಬೇರೆ ಸೆಟ್ಟಿನ ಒಳ್ಳೇ ಹನ್ನೊಂದನ್ನ ಕೊಟ್ರೆ?"

ಬೈಂಡರನ ಕೈಯಲ್ಲಿದ್ದ ಸೂಜಿ ನಿಂತಿತು. "ನಾಲ್ಕರ ಕೊನೇ ಫಾರಂ ಇರಲ್ಲ," ಅಂದ. ಬೆರಳು ಮಡಿಸಿ ಲೆಕ್ಕ ಹಾಕಿ, "ಹನ್ನೊಂದರದ್ದು ಎರಡೆರಡು ಸಲ ಬರುತ್ತೆ," ಅಂದ. "ಅಂಥ ಬಸುರು ನಿಲ್ಲಲ್ಲ," ಅಂದಳು ಅಕ್ಕ. ಅವನು ಕೈಯ ಅಂಟು ಒರೆಸಿಕೊಂಡು ಅಂಗಿಯ ತೋಳು ಮೇಲೆ ಮಾಡಿದ.

"ಈ ಸಲ ಮುಚ್ಚಳ ನೋಡಿ ತೆಗೀರಿ."

ಈ ಸಲ ಜೀವಕೋಶ ಚೆನ್ನಾಗಿ ಬೆಳೆಯಿತು. ಅಕ್ಕ ಗಾಜಿನ ಮೇಲೆ ಹನಿ ಬೀಳಿಸಿ, ಬಣ್ಣ ಹಾಕಿ, ಪಟ್ಟೆ ಪಟ್ಟೆಯ ಕ್ರೋಮೋಸೋಮ್‌ಗಳ ಚಿತ್ರ ತೆಗೆದು ಜೋಡಿ ಜೋಡಿಯಾಗಿ ಇಟ್ಟಳು. ಒಂದು ನಾಲ್ಕು ಗಿಡ್ಡ, ಒಂದು ಹನ್ನೊಂದು ಉದ್ದ. ಅಂಗಡಿಯಲ್ಲಿ ಬಾಯಿಗೆ ಬಂದ ಲೆಕ್ಕವೇ ಇಲ್ಲೂ ಬಂದದ್ದು ನೋಡಿ ಅವಳಿಗೆ ಮೈ ಜುಮ್ಮೆಂದಿತು. ಮತ್ತೆ ಮತ್ತೆ ಎಣಿಸಿದಳು, ಬೇರೆ ಕೋಶಗಳಲ್ಲೂ ನೋಡಿದಳು, ಮೇಲಿನ ಡಾಕ್ಟರಿಂದ ಸಹಿಯನ್ನೂ ಹಾಕಿಸಿದಳು. ಎಲ್ಲದರಲ್ಲೂ ಅದೇ. ಖುಷಿ ಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಚಿತ್ರ ಹಿಡಿದು ಅವರ ಮನೆಗೆ ಹೋದಳು. ಬೈಂಡರ್ ಅದನ್ನು ದೀಪದ ಕೆಳಗೆ ಹಿಡಿದು ನೋಡೇ ನೋಡಿದ. ಹೇಳಿಕೊಡುವುದೇ ಬೇಕಾಗಲಿಲ್ಲ, ಬೆರಳು ನೇರವಾಗಿ ಆ ಗಿಡ್ಡ ನಾಲ್ಕರ ಮೇಲೆ ಹೋಗಿ ನಿಂತಿತು.

"ಬಿಚ್ಚಿ ಮತ್ತೆ ಹೊಲಿಯೋಕಾಗಲ್ವಾ?"

"ಆಗಲ್ಲ," ಅಂದಳು ಅಕ್ಕ. "ಆದ್ರೆ ಪ್ರತಿ ಸಲವೂ ಕೆಟ್ಟದ್ದೇ ಹೋಗಬೇಕು ಅಂತೇನಿಲ್ಲ. ಡಾಕ್ಟರ ಹತ್ರ ಕೂತು ಮಾತಾಡಿ, ದಾರಿ ಇದೆ. ತಪ್ಪು ಯಾರದ್ದೂ ಅಲ್ಲ. ಇವಳದ್ದಂತೂ ಅಲ್ಲವೇ ಅಲ್ಲ."

ತಂಗಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು.

ಬೈಂಡರ್ ಒಳಕೋಣೆಯ ಕಡೆ ನೋಡಿದ. ಅಲ್ಲಿ ಅವನ ತಾಯಿ ಕಿಟಕಿಯಿಂದ ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದರು. ಅವನು ದನಿ ತಗ್ಗಿಸಿದ.

"ಅತ್ತಿಗೆ, ಇದು ನಮ್ಮಲ್ಲೇ ಇರಲಿ. ಅಮ್ಮನಿಗೆ ಗೊತ್ತಾಗೋದು ಬೇಡ. ಬೇಜಾರು ಮಾಡ್ಕೊಳ್ತಾರೆ."

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ತಂಗಿ ಮಾಡಿಕೊಂಡ ಬೇಜಾರಿಗೆ ಬೆಲೆಯೇ ಇಲ್ಲವೇನು? ಇಷ್ಟು ಒದ್ದಾಡಿದ್ದು ಈ ಚಿತ್ರವನ್ನು ಹಾಸಿಗೆಯಡಿ ಮುಚ್ಚಿಡಲಿಕ್ಕೇನು? ನಾಲಿಗೆಯ ತುದಿಗೆ ಏನೇನೋ ಬಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ತಂಗಿ ಬಂದು ಗಂಡನ ಕೈಯಿಂದ ಚಿತ್ರ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಊಟದ ತಟ್ಟೆ ಎತ್ತುವಷ್ಟೇ ಸಹಜವಾಗಿ ತೆಗೆದುಕೊಂಡು ಒಳಕೋಣೆಗೆ ನಡೆದಳು.

"ಅತ್ತೆ," ಅಂದದ್ದು ಹೊರಗೂ ಕೇಳಿಸಿತು. "ಕನ್ನಡಕ ಹಾಕ್ಕೊಳ್ಳಿ. ಪಕ್ಕದ ಮನೆಯವರನ್ನೂ ಸ್ವಲ್ಪ ಇರೋಕೆ ಹೇಳಿ."