ತಣ್ಣಗಿಟ್ಟ ಔಷಧಿ

ಇನ್ಸುಲಿನ್ ಪೆನ್ನಿನೊಳಗೆ ನೀರಿನ ಹಾಗೆ ತಿಳಿಯಾಗಿರಬೇಕಾದದ್ದು ಬೆಳ್ಳಗೆ ಹರಳುಗಟ್ಟಿತ್ತು. ಕಮಲಾಕರ ಅದನ್ನು ಬೆಳಕಿಗೆ ಹಿಡಿದ, ಅಲ್ಲಾಡಿಸಿದ, ಉಗುರಿನಿಂದ ತಟ್ಟಿದ. ರಾತ್ರಿ ಹಾಕುವ ಇನ್ನೊಂದು ಪೆನ್ನೂ ಹಾಗೇ. ಇರಲಿ ಎಂದು ಹೆಂಡತಿ ಹೆಚ್ಚಿಗೆ ಕೊಟ್ಟದ್ದೂ ಹಾಗೇ. ಕ್ಯಾಂಪಿನ ಅಡುಗೆಯವನ ಡೀಪ್ ಫ್ರೀಜರಿನಿಂದ ಕೇಳಿ ತಂದಿದ್ದ ಐಸ್ ಪ್ಯಾಕುಗಳು ಸ್ಟೀಲ್ ಡಬ್ಬಿಯಲ್ಲಿ ಇನ್ನೂ ಕಲ್ಲಿನಂತೆ ಕೂತಿದ್ದವು.

ಟೆಂಟಿನಾಚೆ ಗಾಳಿಮರದ ತೋಪು, ಅದರಾಚೆ ಸಮುದ್ರ. ಕ್ರೋಂಪೇಟೆಯ ಅವರ ಅಪಾರ್ಟ್‌ಮೆಂಟಿನ ಕೆಲವು ಮನೆಯವರು ಶುಕ್ರವಾರ ಸಂಜೆ ಬಂದು ಇಳಿದಿದ್ದರು. ಈಗ ಶನಿವಾರದ ಬೆಳಗು. ಹನ್ನೊಂದು ವರ್ಷದ ಮಾನ್ಯಾ ಅಪ್ಪನ ಪಂಚೆ ಹೊದ್ದು ಮಲಗಿದ್ದಳು. ಮೂರು ವರ್ಷದಿಂದ ಈ ಪೆನ್ನು ಚುಚ್ಚಿಕೊಳ್ಳದೆ ಅವಳ ಬಾಯಿಗೆ ಅನ್ನ ಹೋಗಿಲ್ಲ.

ಹರಿಪ್ರಿಯಾಗೆ ಮಗಳನ್ನು ಕಳಿಸಲು ಮನಸ್ಸೇ ಇರಲಿಲ್ಲ. ಬ್ಯಾಂಕಿನಲ್ಲಿ ರಜೆ ಸಿಗದೆ, ಮಗಳ ಕಾಟ ತಡೆಯಲಾರದೆ ಒಪ್ಪಿದ್ದಳು. ಹೊರಡುವಾಗ ನೀಲಿ ಬಟ್ಟೆಯ ಚೀಲವೊಂದನ್ನು ಗಂಡನ ಕೈಗಿತ್ತು ಹೇಳಿದ್ದಳು: "ಇದನ್ನ ನೀರಲ್ಲಿ ಅದ್ದಿ ನೆರಳಲ್ಲಿ ತೂಗುಹಾಕಿ. ಗಾಳಿ ಆಡಿದರೆ ಸಾಕು, ಒಳಗೆ ತಣ್ಣಗಿರತ್ತೆ. ಐಸ್ ಮಾತ್ರ ತಾಗಕೂಡದು. ಹೆಪ್ಪುಗಟ್ಟಿದರೆ ಮುಗೀತು. ಕರಗಿದ ಮೇಲೆ ನೋಡಕ್ಕೆ ಚೆನ್ನಾಗೇ ಇರತ್ತೆ, ಆದರೆ ನಂಬಕ್ಕಾಗಲ್ಲ, ಬಿಸಾಡಬೇಕು. ಕೇಳಿಸ್ತಾ?"

"ಎಲ್ಲಾ ತೆರಿಯುಂ. ಚುಮ್ಮ ಪಾಠ ಮಾಡಬೇಡ. ನಾನೂ ಅವಳಪ್ಪನೇ," ಎಂದಿದ್ದ ಅವನು, ಕ್ರೋಂಪೇಟೆಯ ತಮಿಳು ಬೆರೆಸಿ.

ಆದರೆ ಇಲ್ಲಿಗೆ ಬಂದಾಗ ಸಮುದ್ರದಿಂದ ಒಂದು ಎಳೆ ಗಾಳಿ ಇರಲಿಲ್ಲ. ಮೈಯೆಲ್ಲ ಅಂಟಂಟು. ಈ ಸೆಖೆಗೆ ಒದ್ದೆ ಬಟ್ಟೆ ಯಾವ ಮೂಲೆಗೆ ಎನ್ನಿಸಿತು ಕಮಲಾಕರನಿಗೆ. ಮೇಲಿನ ಮಹಡಿಯ ಮಿಥುನ್, ಮಂಡ್ಯ ಕಡೆಯ ಹುಡುಗ, ತನ್ನ ದೊಡ್ಡ ತಂಪು ಪೆಟ್ಟಿಗೆಯ ಮುಚ್ಚಳ ತೆರೆದಿದ್ದ.

"ಇದ್ರಲ್ಲೇ ಮಡಗಿ ಸಾರ್. ಹದವಾಗಿ ತಣ್ಣಗೈತೆ."

ಒಳಗೆ ಮಸಾಲೆ ಮೆತ್ತಿದ ಕೋಳಿ, ಕವರಿನ ಮೂಲೆಯಲ್ಲಿ ಕೆಂಪು ರಸ ನಿಂತಿತ್ತು. ಮಗಳ ಮೈಯೊಳಕ್ಕೆ ಹೋಗುವ ಔಷಧಿ ಅದರ ಪಕ್ಕದಲ್ಲಿ! ಕಮಲಾಕರ ಎರಡು ಹೆಜ್ಜೆ ಹಿಂದೆ ಸರಿದಿದ್ದ. "ಬೇಡಪ್ಪಾ. ನಮ್ಮದು ಬೇರೇನೇ ಇರಲಿ."

"ಔಷ್ದಿಗೂ ಮಡಿ ಉಡುಸ್ತೀರಾ ಸಾರ್?" ಮಿಥುನ್ ನಕ್ಕಿದ್ದ. ಸುತ್ತಲಿದ್ದವರೂ ನಕ್ಕಿದ್ದರು. ಆ ಬಿಸಿಯಲ್ಲೇ ಕಮಲಾಕರ ಅಡುಗೆಯವನ ಬಳಿ ಹೋಗಿದ್ದು, ಮಗಳಿಗೆ ರಾತ್ರಿಯ ಚುಚ್ಚುಮದ್ದು ಆದ ಮೇಲೆ ಪೆನ್ನುಗಳನ್ನು ಐಸ್ ಪ್ಯಾಕುಗಳ ನಡುವೆ ಒತ್ತಿ, ಡಬ್ಬಿಗೆ ಟವೆಲು ಬಿಗಿದದ್ದು.

ಈಗ ಮಿಥುನನ ಕಾರು ಕೇಳಬಹುದಿತ್ತು. ರಸ್ತೆಗೆ ಬಿದ್ದರೆ ಅರ್ಧ ಗಂಟೆಯಲ್ಲಿ ಔಷಧಿ ಅಂಗಡಿ. ಆದರೆ ಕಾರು ಯಾಕೆ ಎಂದು ಅವನಿಗೆ ಹೇಳಬೇಕು, ಅವನು ಎಲ್ಲರಿಗೂ ಹೇಳುತ್ತಾನೆ, ಮನೆ ತಲುಪುವ ಮೊದಲೇ ಅದು ಹರಿಪ್ರಿಯಾಳ ಕಿವಿ ಮುಟ್ಟುತ್ತದೆ. ಅವಳು ಕೂಗಾಡುವವಳಲ್ಲ. "ಗೊತ್ತಿತ್ತು" ಅಂತ ಒಂದೇ ಮಾತು ಹೇಳಿ ಒಳಗೆ ಹೋಗುತ್ತಾಳೆ. ಮದುವೆಯಾದಾಗಿನಿಂದ ಆ ಮಾತನ್ನು ಕೇಳಿ ಅವನಿಗೆ ಸಾಕಾಗಿತ್ತು.

ಅವನು ಪೆನ್ನುಗಳನ್ನು ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉಜ್ಜಿದ. ಆಮೇಲೆ ಕಂಕುಳಲ್ಲಿ ಒತ್ತಿಕೊಂಡು ಕೂತ. ಬಿಸಿಲು ಟೆಂಟಿನೊಳಗೆ ಬರುವ ಹೊತ್ತಿಗೆ ಮೂರೂ ತಿಳಿಯಾಗಿದ್ದವು. ಹೆಂಡತಿ ಹೇಳಿದ್ದ ಹಾಗೆಯೇ ನೀಲಿ ಚೀಲವನ್ನು ನೀರಲ್ಲಿ ಅದ್ದಿ, ಪೆನ್ನುಗಳನ್ನು ಅದರೊಳಗಿಟ್ಟು, ನೆರಳಿನ ಕೊಂಬೆಗೆ ತೂಗುಹಾಕಿದ.

ತಿಂಡಿಗೆ ಮುಂಚೆ ಮಗಳ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದಾಗ ಅವಳು ಮುಖ ಕಿವುಚಿದಳು. "ಕೈ ಯಾಕಪ್ಪಾ ಇಷ್ಟು ಜಿಲ್ಲುನು ಇದೆ?"

"ತಣ್ಣೀರಲ್ಲಿ ಮುಖ ತೊಳೆದು ಬಂದೆ ಕಂದಾ."

ಮಧ್ಯಾಹ್ನ ಶುಗರ್ ಮೀಟರು ಮುನ್ನೂರು ದಾಟಿತ್ತು. ಇನ್ನಷ್ಟು ಹಾಕಿದ. ಸಂಜೆಗೆ ನಾನೂರರ ಹತ್ತಿರ. ಮಕ್ಕಳೆಲ್ಲ ಮರಳಲ್ಲಿ ಕುಣಿಯುತ್ತಿದ್ದರೆ ಮಾನ್ಯಾ ನೀರಿನ ಕ್ಯಾನಿನ ಪಕ್ಕ ಕೂತು ಬಿಟ್ಟಳು. "ದಾಗಮಾ ಇರುಕ್ಕುಪ್ಪಾ," ಎಂದು ಬಾಟಲಿ ಚಾಚಿದಳು. ತುಂಬಿಸಿಕೊಟ್ಟ. ಕುಡಿದು ಮತ್ತೆ ಚಾಚಿದಳು.

ಹರಿಪ್ರಿಯಾಳ ಫೋನು ಬಂತು. "ಶುಗರ್ ಎಷ್ಟಿದೆ?"

"ನೂರೈವತ್ತು."

"ಚೀಲ ಒದ್ದೆಯಾಗಿದೆಯಾ?"

"ನೀರು ತೊಟ್ಟಿಕ್ತಾ ಇದೆ. ಬೇಕಾದರೆ ಫೋಟೋ ಕಳಿಸ್ತೀನಿ." ಕಳಿಸಿದ. ಅವಳು ಒಂದು ಹೂವಿನ ಚಿತ್ರ ಕಳಿಸಿದಳು. ಎಷ್ಟೋ ದಿನದ ಮೇಲೆ.

ರಾತ್ರಿಯ ಪೆನ್ನನ್ನೂ ಹಾಕಿದ.

ಭಾನುವಾರ ಬೆಳಿಗ್ಗೆ ಮಾನ್ಯಾ ಟೆಂಟಿನ ಬಾಗಿಲಲ್ಲೇ ವಾಂತಿ ಮಾಡಿಕೊಂಡಳು. ನಿಲ್ಲಲಾಗಲಿಲ್ಲ. ಉಸಿರು ಜೋರಾಗಿ ಏರಿಳಿಯುತ್ತಿತ್ತು, ಅದರಲ್ಲಿ ಕೊಳೆತ ಹಣ್ಣಿನ ವಾಸನೆ. ಮಿಥುನನ ಹೆಂಡತಿ ಸುಗುಣಾ ಓಡಿ ಬಂದು ಮಗುವನ್ನು ಎದೆಗೊರಗಿಸಿಕೊಂಡಳು. ಒಬ್ಬೊಬ್ಬರೇ ಸೇರಿದರು.

"ಇನ್ಸುಲಿನ್ ಸರ್ಯಾಗ್ ಹಾಕ್ತಿದ್ರಾ ಸಾರ್?" ಎಂದ ಮಿಥುನ್.

ಎಲ್ಲರೂ ಕಮಲಾಕರನ ಮುಖ ನೋಡಿದರು.

"ಹೊತ್ತುಹೊತ್ತಿಗೆ ಹಾಕಿದ್ದೀನಿ," ಎಂದ ಅವನು. ಮಗಳ ಕಡೆ ತಿರುಗಿದ. "ಏನು ತಿಂದೆ? ನಿಜ ಹೇಳು. ನನ್ನ ಕಣ್ಣು ತಪ್ಪಿಸಿ ಏನು ತಿಂದೆ?"

"ಒಣ್ಣುಂ ಇಲ್ಲಪ್ಪಾ. ಏನೂ ಇಲ್ಲ. ಪ್ರಾಮಿಸ್."

"ತಿನ್ನದೆ ಹೀಗಾಗತ್ತಾ? ಎಲ್ಲರೆದುರು ಸುಳ್ಳು ಹೇಳ್ತೀಯಾ?"

"ಬೈಬ್ಯಾಡಿ ಸಾರ್ ಮಗೀನಾ," ಎಂದಳು ಸುಗುಣಾ.

"ನಿಮಗೆ ಗೊತ್ತಿಲ್ಲಮ್ಮಾ. ಇವಳಿಗೆ ಸಿಹಿ ಕಂಡರೆ ಕೈ ನಿಲ್ಲಲ್ಲ. ಹೇಳು ಮಾನ್ಯಾ. ಹೇಳಿದರೆ ಬೈಯಲ್ಲ."

ಮಾನ್ಯಾ ಅಪ್ಪನ ಮುಖವನ್ನೇ ನೋಡಿದಳು. ತುಟಿ ಒಣಗಿ ಬಿರಿದಿತ್ತು. "ಸುಗುಣಾ ಆಂಟೀದು ರವೆ ಉಂಡೆ ತಿಂದೆ," ಎಂದಳು. "ಸಾರಿ ಅಪ್ಪಾ."

ಸುಗುಣಾಳ ಕಣ್ಣು ಎದುರಿಗಿದ್ದ ತನ್ನ ಟೆಂಟಿನ ಮೂಲೆಗೆ ಹೋಯಿತು. ರವೆ ಉಂಡೆಯ ಡಬ್ಬಿ ಅಲ್ಲೇ ಇತ್ತು. ಮನೆಯಲ್ಲಿ ಅವಳು ಅದಕ್ಕೆ ಕಟ್ಟಿದ್ದ ಬಟ್ಟೆಯ ಗಂಟನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಅವಳು ಕಮಲಾಕರನನ್ನು ನೋಡಿದಳು. ಆಮೇಲೆ ಗಂಡನಿಗೆ, "ಕಾರ್ ತೆಗೀರಿ," ಎಂದಳು.

ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಮಲಾಕರ ಹೆಂಡತಿಗೆ ಫೋನು ಮಾಡಿದ. "ಕದ್ದು ರವೆ ಉಂಡೆ ತಿಂದಿದ್ದಾಳೆ. ಅವಳೇ ಒಪ್ಪಿಕೊಂಡಳು. ಬೇಕಾದರೆ ಕೇಳು." ಮುಂದಿನ ಸೀಟಿನಲ್ಲಿ ಸುಗುಣಾ ತಿರುಗಲಿಲ್ಲ. ಮಿಥುನ್ ದಾರಿಯುದ್ದಕ್ಕೂ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಮಾನ್ಯಾಳ ಎರಡೂ ಕೈಗೆ ಸೂಜಿ ಹಾಕಿದರು. ಯಾವ ಇನ್ಸುಲಿನ್ ಎಂದು ಡ್ಯೂಟಿ ಡಾಕ್ಟರು ಕೇಳಿದಾಗ ಕಮಲಾಕರ ನೀಲಿ ಚೀಲ ಕೊಟ್ಟ. ಅವರು ಪೆನ್ನನ್ನು ದೀಪಕ್ಕೆ ಹಿಡಿದು ನೋಡಿದರು. "ಇದು ನಲ್ಲಾ ದಾನ್ ಇರುಕ್ಕು," ಎಂದು, ಏನೂ ಕೆಟ್ಟಿಲ್ಲವೆಂಬಂತೆ ತಿರುಗಿ ಕೊಟ್ಟರು.

ಹರಿಪ್ರಿಯಾ ಚಪ್ಪಲಿ ಜೋಡಿ ತಪ್ಪಿ ಮೆಟ್ಟಿಕೊಂಡು ಬಂದಳು. ಗಂಡನನ್ನು ದಾಟಿ ಮಂಚದ ಹತ್ತಿರ ಹೋದಳು. ಮಾನ್ಯಾ ಕಷ್ಟಪಟ್ಟು ಕಣ್ಣು ತೆರೆದಳು.

"ಸಾರಿಮ್ಮಾ. ಇನ್ನು ತಿನ್ನಲ್ಲ."

ಹರಿಪ್ರಿಯಾ ಮಗಳ ಹಣೆಯಿಂದ ಕೂದಲು ಸರಿಸಿದಳು. "ಗೊತ್ತಿತ್ತು ನನಗೆ," ಎಂದಳು, ಮಗಳಿಗೆ.

ಕಮಲಾಕರ ಕಿಟಕಿಯ ಕಡೆ ತಿರುಗಿ ನಿಂತ. ಕೈಯಲ್ಲಿದ್ದ ಪೆನ್ನಿನ ಗುಂಡಿ ಒತ್ತಿದ. ಸೂಜಿಯ ತುದಿಯಲ್ಲಿ ಹನಿಯೊಂದು ಮೂಡಿ, ಬೀಳದೆ, ಥಳಥಳ ಹೊಳೆಯುತ್ತ ನಿಂತಿತು.