ಬಾಗಿಲಲ್ಲೇ ಬಿಟ್ಟು ಬಂದ ಔಷಧ

ಹೊದಿಕೆಯ ಒಂದು ತುದಿ ದಾಲ್‌ಸು ಅಜ್ಜನ ಕೈಯಲ್ಲಿತ್ತು, ಇನ್ನೊಂದು ತುದಿ ಮನೆಗೆ ಬಂದಿದ್ದ ನರ್ಸ್ ಹೇಜಿನ್ ಕೈಯಲ್ಲಿ. ನಡುವೆ, ಚಳಿಗೆಂದು ಅಡಿಯಿಂದ ಕಾಯಿಸಿದ ನೆಲದ ಮೇಲೆ ಮಲಗಿದ್ದ ಅವನ ಹೆಂಡತಿ ಪಿಲ್‌ಸುನ್ ಇಬ್ಬರನ್ನೂ ನೋಡುತ್ತಿದ್ದಳು.

"ಎಳೀಬೇಡಮ್ಮ. ಅವಳಿಗೆ ಹಾರ್ಟ್ ಅಟ್ಯಾಕ್ ಆಗಿದೆ."

"ಗೊತ್ತು ಅಜ್ಜ. ಅದಕ್ಕೇ ಬಂದಿದ್ದು."

ಆಸ್ಪತ್ರೆಯಿಂದ ಬಂದ ಮೇಲೆ ದಾಲ್‌ಸು ಅವಳನ್ನು ಏಳಲು ಬಿಟ್ಟಿರಲಿಲ್ಲ. ಮನೆಯ ಅತಿ ಬೆಚ್ಚನೆಯ ಮೂಲೆ ಅವಳಿಗೆ. ಗಂಜಿ, ಮಾತ್ರೆ ಎಲ್ಲ ಅಲ್ಲಿಗೇ. ಮೊನ್ನೆ ಎದ್ದು ನಿಂತವಳು ತೂರಾಡಿ ಗೋಡೆ ಹಿಡಿದಿದ್ದಳು. ಹೃದಯ ಸೋಲುತ್ತಿದೆ ಎಂದು ಅವನು ಹೆದರಿದ. ಮಲಗಿದಲ್ಲೇ ಮುಗಿದುಹೋಗುತ್ತೇನೆ ಎಂದು ಅವಳು ಹೆದರಿದಳು.

ಹೇಜಿನ್ ರಕ್ತದೊತ್ತಡ ನೋಡಿದಳು. ನಗರದ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದಳು. ಆಮೇಲೆ, ಮನೆಗೆ ಕಳಿಸುವಾಗ ಅವರು ಏನು ಹೇಳಿದ್ದರು ಎಂದು ದಾಲ್‌ಸುವನ್ನು ಕೇಳಿದಳು.

"ಏನಿಲ್ಲ. ಆಸ್ಪತ್ರೆ ಬಾಗಿಲ ಹತ್ರ, ಮೆಲ್ಲಗೆ ನಡೀತಿರಿ ಅಂದ್ರು. ನೆಂಟರು ಹೊರಟಾಗ ನಾವೂ ಹಾಗೇ ಅಲ್ವಾ ಹೇಳೋದು?"

"ಅಜ್ಜ, ಅವರು ಹೇಳಿದ್ದು ಔಷಧ."

ಪಿಲ್‌ಸುನ್ ನಕ್ಕುಬಿಟ್ಟಳು. "ಒಂದು ಮಾತ್ರೆ ತಪ್ಪಿದ್ರೆ ಬೈತಿದ್ರಿ. ದೊಡ್ಡ ಔಷಧಾನ ನೀವೇ ಬಾಗಿಲಲ್ಲಿ ಬಿಟ್ಟು ಬಂದಿದೀರಲ್ರೀ."

ದಾಲ್‌ಸು ಸುಲಭಕ್ಕೆ ಒಪ್ಪಲಿಲ್ಲ. ಗಾಯವಾದ ಎತ್ತನ್ನು ಯಾರಾದರೂ ನೊಗಕ್ಕೆ ಕಟ್ಟುತ್ತಾರಾ ಎಂದ. ಹೇಜಿನ್ ಬಿಡಿಸಿ ಹೇಳಿದಳು. ಡಾಕ್ಟರು ಪರೀಕ್ಷೆ ಮಾಡಿಯೇ ನಡೆಯಲು ಹೇಳಿದ್ದು. ತೂರಾಟ ಬಂದದ್ದು ಮಲಗಿ ಮಲಗಿ ಕಾಲು ಸೊರಗಿದ್ದಕ್ಕೆ. ಹೃದಯಕ್ಕೂ ಅಳತೆಯ ಕೆಲಸ ಕೊಟ್ಟರೇ ಬಲ. ಚಳಿಯಲ್ಲಿ ಬೇಡ, ಬಿಸಿಲು ಬಂದ ಮೇಲೆ ನಡೆಯಬೇಕು, ನಡೆಯುತ್ತಾ ಮಾತಾಡಲು ಆಗಬೇಕು. ಎದೆನೋವು, ತಲೆಸುತ್ತು, ಏದುಸಿರು ಬಂದರೆ ಅಲ್ಲೇ ನಿಂತು ಫೋನ್ ಮಾಡಬೇಕು. ಮಾತ್ರೆಯನ್ನಂತೂ ಬಿಡಬಾರದು.

ಮೊದಲ ದಿನ ಹೊಸ್ತಿಲವರೆಗೆ ಹೋದರು. ಆಮೇಲೆ ಅಂಗಳ, ಆಮೇಲೆ ಓಣಿ. ಅಳತೆ ಮೀರಬಾರದೆಂದು ದಾಲ್‌ಸು ಪಕ್ಕದಲ್ಲೇ ನಡೆಯುತ್ತಾ ಅವಳನ್ನು ಮಾತಾಡಿಸುತ್ತಲೇ ಇದ್ದ. ಮದುವೆಯಾದಾಗಿನಿಂದ ಇಷ್ಟು ಮಾತು ಕೇಳಿರಲಿಲ್ಲ ಎಂದಳು ಅವಳು. ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕುವ ಕಾಲ ಬರುವಷ್ಟರಲ್ಲಿ ಓಣಿಯ ಕೆಳಗಿನ ಮನೆಗೆ ಹೋಗಿ, ಹೆಂಗಸರ ಜೊತೆ ಕೂತು ಎಲೆಕೋಸಿಗೆ ಖಾರ ಹಚ್ಚಿದಳು. ಅವತ್ತು ದಾಲ್‌ಸುಗೆ ಬಹಳ ದಿನದ ಮೇಲೆ ಊಟ ರುಚಿಸಿತು.

ನಿಮ್ಮ ಮನೆಯಲ್ಲೂ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಮಂಡಿನೋವಿನವರು ಇರಬಹುದು. ಮಾತ್ರೆ ಬರೆಸಿಕೊಳ್ಳುವಾಗಲೇ ವ್ಯಾಯಾಮವನ್ನೂ ಕೇಳಿ: ಯಾವುದು, ಎಷ್ಟು, ಯಾವಾಗ ನಿಲ್ಲಿಸಬೇಕು? ಕೇಳದೆ ಶುರುಮಾಡಬೇಡಿ. ಕೇಳದೆ ಮಲಗಿಸಲೂ ಬೇಡಿ.

ಕಿಮ್ಚಿ ಹಾಕಿದ ಆ ಸಂಜೆ ಕೆಳಗಿನ ಮನೆಯಿಂದ ವಾಪಸ್ ಬರಲು ಓಣಿ ಏರಬೇಕಿತ್ತು. ಹೆಂಗಸರೆಲ್ಲ ನೋಡುತ್ತಿದ್ದಂತೆ ದಾಲ್‌ಸು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟ.

"ಬಾ, ಹತ್ತು."

"ಏಳ್ರಿ ಮೇಲೆ. ನಾನು ಹತ್ತೋದು ಓಣಿ, ನಿಮ್ಮ ಬೆನ್ನಲ್ಲ."