ದಿನಾ ಮಾಡುವ ಕೆಲಸ

ಜ್ಞಾನೇಶ ಚಪ್ಪಲಿ ಬಿಡದೆಯೇ ಒಳಗೆ ಬಂದ. ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡರು. ಇಂಗ್ಲಿಷ್ ಹೇಳಿಕೊಡಲು ಬರುವ ಮೋಹನ್ ಕುಮಾರ್ ಮೇಷ್ಟ್ರು ಬರೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ಪವಿತ್ರಾ ಮಾತ್ರ ಕದಲಲಿಲ್ಲ. ಗಂಡ ಯಾಕೆ ಬಂದಿದ್ದಾನೆಂದು ಅವಳಿಗೆ ಗೊತ್ತಿತ್ತು.

ಹಿಂದಿನ ದಿನ ಮೇಷ್ಟ್ರು ಸಿಂಪಲ್ ಪ್ರೆಸೆಂಟ್ ಕಲಿಸಿದ್ದರು. ನಿನ್ನೆ ಮಾಡಿ ಮುಗಿಸಿದ್ದಲ್ಲ, ಮುಂದೆಂದೋ ಮಾಡುವುದೂ ಅಲ್ಲ, ದಿನ ಬೆಳಗಾದರೆ ಮಾಡುವುದು. ಒಬ್ಬೊಬ್ಬರಾಗಿ ಎದ್ದು ತಮ್ಮ ಮನೆಯಲ್ಲಿ ಯಾರು ಏನು ಮಾಡುತ್ತಾರೆಂದು ಹೇಳಬೇಕಿತ್ತು. ಎಲ್ಲರೂ ಪುಸ್ತಕದಲ್ಲಿದ್ದುದನ್ನೇ ಒಪ್ಪಿಸಿದರು: ಗಂಡ ಆಫೀಸಿಗೆ ಹೋಗುತ್ತಾನೆ, ಪೇಪರ್ ಓದುತ್ತಾನೆ. ಶೆಟ್ಟಿಕೆರೆಯಂಥ ಹಳ್ಳಿಯಲ್ಲಿ ಅಷ್ಟೊಂದು ಆಫೀಸು ಎಲ್ಲಿವೆಯೋ ದೇವರೇ ಬಲ್ಲ. ಪವಿತ್ರಾ ಎದ್ದು, ತಡವರಿಸುತ್ತಲೇ, "ಐ ಕಟ್ ಗ್ರಾಸ್. ಐ ಮಿಲ್ಕ್ ದ ಕೌ. ಐ ಬ್ರೇಕ್ ಕೋಕನಟ್ಸ್. ಮೈ ಹಸ್ಬೆಂಡ್ ಸ್ಲೀಪ್ಸ್. ಮೈ ಹಸ್ಬೆಂಡ್ ಪ್ಲೇಸ್ ಕಾರ್ಡ್ಸ್" ಎಂದಳು. ಮೇಷ್ಟ್ರು ವೆರಿ ಗುಡ್ ಎಂದರು, ಒಂದೂ ತಪ್ಪಿಲ್ಲವೆಂದರು.

ಸಂಜೆಯೊಳಗೆ ಸುದ್ದಿ ಜ್ಞಾನೇಶನ ಇಸ್ಪೀಟಿನ ಗುಂಪಿಗೆ ತಲುಪಿತು. ಅವನು ಬಿಸಿಲು ನೆತ್ತಿಗೆ ಬರುವ ತನಕ ಮಲಗುವುದು, ಎದ್ದವನೇ ಇಸ್ಪೀಟೆಲೆ ಕಲೆಸಲು ಹೋಗುವುದು ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಇಷ್ಟು ವರ್ಷ ಕನ್ನಡದಲ್ಲಿ ಗೊತ್ತಿದ್ದಾಗ ಹೋಗದ ಮಾನ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ ಹೋಗಿಬಿಟ್ಟಿತಂತೆ. ಎಂಥ ನಾಜೂಕಿನ ಮಾನವೋ ಅದು.

"ನೆನ್ನೆ ಹೇಳಿದ್ದು ಸುಳ್ಳು ಅಂತ ಇವ್ರೆಲ್ರ ಮುಂದೇನೇ ಹೇಳು," ಎಂದ ಜ್ಞಾನೇಶ. "ಇಲ್ದಿದ್ರೆ ನಾಳಿಂದ ಈ ಕಡೆ ತಲೆ ಹಾಕ್ಬೇಡ."

ಪವಿತ್ರಾ ಮೇಷ್ಟ್ರ ಮುಖ ನೋಡಿದಳು. ಅವರು ನೆಲ ನೋಡುತ್ತ, ಅದರಲ್ಲೇನಿದೆಯಮ್ಮ, ಮೈ ಹಸ್ಬೆಂಡ್ ವರ್ಕ್ಸ್ ಅಂದುಬಿಡು, ಬರೀ ಪಾಠಕ್ಕೆ ತಾನೇ ಎಂದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಈ ಮನುಷ್ಯನ ಮೇಲೆ ಬಂತು. ನಿನ್ನೆ ಒಂದೂ ತಪ್ಪಿಲ್ಲವೆಂದ ಬಾಯಿ ಇದೇ ಅಲ್ಲವೇ.

ಈ ಪಾಠ ಬಿಟ್ಟುಹೋಗುವುದು ಅವಳಿಂದಾಗದ ಮಾತು. ತಿಪಟೂರಿನ ಶಾಲೆಯಲ್ಲಿ ಮಗಳ ಮಿಸ್ಸು, ಪವಿತ್ರಾ ಎದುರಿಗೇ ಕೂತಿದ್ದರೂ, ಮಗಳ ಜೊತೆಯಲ್ಲೇ ಇಂಗ್ಲಿಷಿನಲ್ಲಿ ಎಲ್ಲ ಮಾತಾಡಿ ಮುಗಿಸಿದ್ದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ, ಮಿಸ್ ಏನಂದರು ಎಂದು ಕೇಳಿದರೆ, ನಿಂಗೆ ಅರ್ಥ ಆಗಲ್ಲ ಬುಡಮ್ಮ ಎಂದಿತ್ತು ಮಗು. ಆ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು.

ಒಂದು ಸುಳ್ಳು ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಅವಳು ಎದ್ದು ನಿಂತಳು.

"ನಾಳೆ ಬೆಳಿಗ್ಗೆ ನೀವೆದ್ದು ಹುಲ್ಲು ಕುಯ್ಕಂಡ್ ಬನ್ನಿ," ಎಂದಳು ಗಂಡನಿಗೆ. "ನಾಳಿದ್ದೂ ಕುಯ್ಕಂಡ್ ಬನ್ನಿ, ಆಚೆ ನಾಳಿದ್ದೂ ಕುಯ್ಕಂಡ್ ಬನ್ನಿ. ದಿನಾ ಮಾಡೋದಾದ್ರೆ ನಾನೇ ತಿದ್ಕೊಂಡು ಹೇಳ್ತೀನಿ. ಅಲ್ಲೀಗಂಟ ಹೇಳಿದ್ದೇ ಸರಿ."

ಜ್ಞಾನೇಶ ಚಪ್ಪಲಿ ಸದ್ದು ಮಾಡುತ್ತ ನಡೆದುಬಿಟ್ಟ. ಮೇಷ್ಟ್ರು ಇವತ್ತಿಗೆ ಸಾಕು ಎಂದರು. ಪವಿತ್ರಾ ಸಾಲದು ಅಂದಳು. ಅವರು ಜೇಬಿನಿಂದ ಸೀಮೆಸುಣ್ಣ ತೆಗೆಯಬೇಕಾಯಿತು.

ಮಾರನೆಯ ಬೆಳಿಗ್ಗೆ ಅವಳಿಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಏಳಲಿಲ್ಲ. ಹಸು ಕೂಗಿತು. ಅತ್ತೆ ಸಿದ್ದಮ್ಮ ನಡುಮನೆಯಿಂದ ಸೊಸೆಯ ಹೆಸರು ಹಿಡಿದು ಕರೆದಳು, ಸ್ವಲ್ಪ ಹೊತ್ತು ಬಿಟ್ಟು ಮಗನ ಹೆಸರು ಹಿಡಿದು ಕರೆದಳು. ಪಕ್ಕದಲ್ಲಿ ಕಂಬಳಿ ಸರಿದ ಸದ್ದು, ಗೊಣಗಾಟ, ಆಮೇಲೆ ಕೊಟ್ಟಿಗೆಯಲ್ಲಿ ಏನೇನೋ ತಡಕಾಡುವ ಸದ್ದು. ಕೊನೆಗೆ ಜ್ಞಾನೇಶ ಬಾಗಿಲಿಗೆ ಬಂದು ನಿಂತ.

"ಕುಡ್ಗೋಲು ಎಲ್ಲಿಕ್ಕಿದೀಯೆ?"

ಪವಿತ್ರಾ ಗೋಡೆಯ ಕಡೆ ಮಗ್ಗುಲಾದಳು. ಹಸು ಇನ್ನೊಮ್ಮೆ ಕೂಗಿತು.